ಬಿಚ್ಚಲು ಬರುವ ಅಂಟು

ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಗಿಟಾರಿನ ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಅದರ ದನಿ ಕೇಳಬೇಕೆಂದರೆ ನಸುಕಿನಲ್ಲೇ ಎದ್ದು ಕೂರಬೇಕು. ಹಾಲಿನ ಗಾಡಿ ಹೋದಮೇಲೆ, ಶಾಲೆಯ ವ್ಯಾನುಗಳು ಬರುವ ಮೊದಲು ಸಿಗುವ ಆ ಸ್ವಲ್ಪ ಹೊತ್ತಿಗೆ ನಮ್ಮ ಕಡೆ ಬಹಳ ಬೆಲೆ. ಹೊತ್ತೇರಿದ ಮೇಲೆ ತಿಪ್ಪಸಂದ್ರದ ಮಾರುಕಟ್ಟೆಯ ಗಲಾಟೆ, ಹಳೆ ಏರ್‌ಪೋರ್ಟ್ ರಸ್ತೆಯ ಹಾರ್ನ್ ಸದ್ದು. ಅದರ ಮೇಲೆ ಎಚ್‌ಎಎಲ್ ರನ್‌ವೇಯಿಂದ ಒಂದು ತೇಜಸ್ ಯುದ್ಧವಿಮಾನ ಎದ್ದಿತೆಂದರೆ ಕಿಟಕಿಯ ಗಾಜೂ ನಡುಗುತ್ತದೆ. ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು. ನಮ್ಮ ಆಕಾಶ ಮಾತ್ರ ಪೂರ್ತಿ ಖಾಲಿಯಾಗಲಿಲ್ಲ.

ತಟ್ಟಿ ಕೇಳುವುದು ಶಾಸ್ತ್ರಕ್ಕಲ್ಲ. ಗಿಟಾರಿನ ಮೇಲ್ಹಲಗೆ ಸುಮಾರು ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಅದರ ಒಳಮೈಗೆ ಪಟ್ಟಿಗಳನ್ನು ಅಂಟಿಸಿ ಬಲ ಕೊಡುತ್ತಾರೆ. ಆ ಪಟ್ಟಿಗಳನ್ನು ಉಳಿಯಿಂದ ಸ್ವಲ್ಪಸ್ವಲ್ಪವೇ ಕೆತ್ತುತ್ತ ಹೋದಂತೆ, ಮೊದಲು ದಬ್ ಎನ್ನುತ್ತಿದ್ದ ಹಲಗೆ ನಿಧಾನವಾಗಿ ಅನುರಣಿಸಲು ಶುರು ಮಾಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಯಾವ ನಕ್ಷೆಯೂ ಪೂರ್ತಿ ಹೇಳುವುದಿಲ್ಲ. ಒಂದೇ ಮರದ ಎರಡು ಹಲಗೆಗಳೂ ಬೇರೆಬೇರೆ ಕಡೆ ನಿಲ್ಲಿಸು ಎನ್ನುತ್ತವೆ. ಸ್ಪೇನಿನ ಅಂತೋನಿಯೋ ದೆ ತೋರೆಸ್ ಈಗಿನ ಗಿಟಾರಿಗೆ ರೂಪ ಕೊಟ್ಟವನು. ಗಿಟಾರಿನ ದನಿ ಮುಖ್ಯವಾಗಿ ಮೇಲ್ಹಲಗೆಯಲ್ಲೇ ಇದೆ ಎಂದು ತೋರಿಸಲು ಅವನು 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನಷ್ಟೇ ಮರದಿಂದ ಮಾಡಿದ. ಆ ಗಿಟಾರು ಇವತ್ತಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇಂಥ ಕೆಲಸ ನಮ್ಮ ಬಡಾವಣೆಯಲ್ಲಿ ನಡೆಯುವುದು ನನಗೆ ಸಹಜವಾಗಿಯೇ ಕಾಣುತ್ತದೆ. ಎಲ್‌ಐಸಿ ಕಾಲೋನಿಯ ಸುತ್ತ ಬೆಳೆದ ಊರಿದು. ಒಂದು ಕಡೆ 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ ಎಚ್‌ಎಎಲ್, ಇನ್ನೊಂದು ಕಡೆ ಕೋಡಿಹಳ್ಳಿಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ಮುರುಗೇಶಪಾಳ್ಯ ದಾಟಿದರೆ ಇಸ್ರೋದ ಉಪಗ್ರಹ ಕೇಂದ್ರ, ಪಕ್ಕದ ಬಡಾವಣೆಗೆ ಸರ್ ಸಿ.ವಿ. ರಾಮನ್ ಹೆಸರು. ಅಳತೆಯನ್ನು ನಂಬಿ ಬದುಕಿದ ಜನ ಇಲ್ಲಿ ಬೀದಿಬೀದಿಯಲ್ಲೂ ನಿವೃತ್ತರಾಗಿ ಕೂತಿದ್ದಾರೆ. ಅವರ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಈಗಲೂ ಎಣ್ಣೆ ಹಚ್ಚಿಟ್ಟ ವರ್ನಿಯರು, ಮೈಕ್ರೋಮೀಟರು, ಬಟ್ಟೆ ಸುತ್ತಿದ ಅರಗಳು ಸಿಗುತ್ತವೆ.

ನಮ್ಮ ಹಿಂದಿನ ಬೀದಿಯಲ್ಲಿ ಎಚ್‌ಎಎಲ್‌ನ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೀದಿಯ ಮಕ್ಕಳಿಗೆಲ್ಲ ಅವರು ಅಂಕಲ್, ನನಗೂ ಅಂಕಲ್ಲೇ. ಗಿಟಾರು ನುಡಿಸಲು ಅವರಿಗೆ ಬಾರದು. ಆದರೆ ಒಂದು ವಸ್ತು ನಕ್ಷೆಗೆ ಹೊಂದದೆ ಹೋದಾಗ ಏನು ಮಾಡಬೇಕು ಎನ್ನುವುದರಲ್ಲಿ ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. ನಾನೇ ಕೈಯಾರೆ ಮಾಡಿದ ನನ್ನ ಗಿಟಾರು ಮುಗಿದದ್ದು ಆ ತಿಳಿವಳಿಕೆಯಿಂದ.

ಮರದ ವಿಷಯದಿಂದ ಶುರು ಮಾಡುತ್ತೇನೆ. ಗಿಟಾರಿನ ಹಿಂಬದಿ, ಪಕ್ಕಗಳಿಗೆ ಪ್ರಪಂಚವೆಲ್ಲ ಮೆಚ್ಚುವ ಮರ ನಮ್ಮ ಪಶ್ಚಿಮಘಟ್ಟದ ಬೀಟೆ. ಮೊದಲು ಅಮೆರಿಕದ ಗಿಟಾರು ತಯಾರಕರು ಬ್ರೆಜಿಲಿನ ಬೀಟೆಜಾತಿಯ ಮರ ಬಳಸುತ್ತಿದ್ದರು. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ, 1969ರ ಸುಮಾರಿಗೆ ಪೆನ್ಸಿಲ್ವೇನಿಯದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಹೊರಳಿತು, ಉಳಿದವರೂ ಹಿಂಬಾಲಿಸಿದರು. ಕೊಡಗು, ಮಲೆನಾಡು, ವಯನಾಡು, ನೀಲಗಿರಿಗಳ ಮರ ತೆಳು ಹಲಗೆಗಳಾಗಿ ಹಡಗು ಹತ್ತಿತು. ಅದಕ್ಕೆ ತೆತ್ತ ಬೆಲೆಯೂ ಕಣ್ಣ ಮುಂದಿದೆ. ಇವತ್ತು ಬೀಟೆ ಅಳಿವಿನ ಭಯವಿರುವ ಮರಗಳ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವ ಹಾಗಿಲ್ಲ. 2017ರ ಜನವರಿ 2ರಿಂದ ವನ್ಯಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದವು ಬೀಟೆಯ ಇಡೀ ಕುಲವನ್ನೇ ಕಣ್ಗಾವಲಿಗೆ ತಂದಿತು. ಸಂಗೀತಗಾರರು ವಾದ್ಯ ಹಿಡಿದು ಗಡಿ ದಾಟುವುದೇ ಕಷ್ಟವಾಗಿ, 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಹಾಗಾಗಿ ಹೊಸ ಬೀಟೆಯ ಗೋಜಿಗೆ ನಾನು ಹೋಗಲಿಲ್ಲ. ದಂಡು ಪ್ರದೇಶದ ಹಳೆ ಬಂಗಲೆಗಳು ಒಂದೊಂದಾಗಿ ನೆಲಕ್ಕುರುಳಿದಾಗ ಅವುಗಳ ಬಾಗಿಲು, ಕಿಟಕಿ, ಕಪಾಟು, ಮಂಚಗಳು ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಿಗೆ ಬರುತ್ತವೆ. ಅಲ್ಲಿ ಒಂದು ಕಪಾಟಿನ ಬಾಗಿಲು ಸಿಕ್ಕಿತು. ಮೇಲೆ ಕಪ್ಪು ಬಣ್ಣ ಬಳಿದು ಬಳಿದು ದಪ್ಪಗಾಗಿತ್ತು. ಮೂಲೆಯಲ್ಲಿ ಉಗುರಿನಿಂದ ಕೆರೆದು ನೋಡಿದರೆ ಒಳಗೆ ನೇರಳೆಗಂದು ಬಣ್ಣದ ಎಳೆ. ಕೊಯ್ಯುವ ಮಿಲ್ಲಿನಲ್ಲಿ ಅದನ್ನು ತೆಳುವಾಗಿ ಸೀಳಿಸಿದಾಗ ಬಂದ ವಾಸನೆಯನ್ನು ಬೀಟೆಯ ಕೆಲಸ ಮಾಡಿದ ಯಾರೂ ಮರೆಯುವುದಿಲ್ಲ. ಹತ್ತಾರು ವರ್ಷ ಮನೆಯೊಳಗಿದ್ದು ಒಣಗಿದ ಮರವದು. ಅದರಲ್ಲಿ ಇನ್ನು ಸೊಟ್ಟಗಾಗಲು ಏನೂ ಉಳಿದಿರಲಿಲ್ಲ. ಆದರೆ ಕೀಲು ಕೂತಿದ್ದ ಕಡೆ ಸ್ಕ್ರೂ ತೂತುಗಳು, ಅಡ್ಡಪಟ್ಟಿ ಹೊಡೆದಿದ್ದ ಕಡೆ ಮೊಳೆಯ ತೂತುಗಳು ಇದ್ದವು. ಎಷ್ಟು ಜಾಣತನದಿಂದ ಗಿಟಾರಿನ ಆಕಾರವನ್ನು ಹಲಗೆಯ ಮೇಲೆ ಜರುಗಿಸಿದರೂ ಎರಡು ತೂತು ಹಿಂಬದಿಯ ನಟ್ಟನಡುವೆಯೇ ಬರುತ್ತಿದ್ದವು.

ಹಲಗೆಯನ್ನು ಅಂಕಲ್ ಮನೆಗೆ ಹೊತ್ತುಕೊಂಡು ಹೋದೆ. ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿ ಕೇಳಿದರು, “ಇದಕ್ಕೆ ಯಾಕಪ್ಪಾ ಇಷ್ಟು ಯೋಚನೆ? ಮೊದಲು ಇದು ಯಾವ ಜಾತಿ ತಪ್ಪು ಅಂತ ಬರಿ.”

ವಿಮಾನದ ಕಾರ್ಖಾನೆಯಲ್ಲಿ ನಕ್ಷೆಗೆ ಹೊಂದದ ಭಾಗವೊಂದು ಬಂದರೆ ಅದನ್ನು ಯಾರೂ ಸದ್ದಿಲ್ಲದೆ ಮುಂದೆ ತಳ್ಳುವ ಹಾಗಿಲ್ಲ, ಸಿಟ್ಟಿನಲ್ಲಿ ಬಿಸಾಡುವ ಹಾಗೂ ಇಲ್ಲ. ಅದನ್ನು ಬೇರೆ ಇಟ್ಟು, ಏನು ಹೆಚ್ಚುಕಮ್ಮಿಯಾಗಿದೆ ಎಂದು ಅಳೆದು ಬರೆದು, ತಿಳಿದವರ ಮುಂದೆ ಇಡಬೇಕು. ಅವರು ನಾಲ್ಕರಲ್ಲಿ ಒಂದು ತೀರ್ಮಾನ ಕೊಡುತ್ತಾರೆ. ಒಂದು, ತಪ್ಪಿದ್ದರೂ ಕೆಲಸಕ್ಕೆ ತೊಂದರೆಯಿಲ್ಲ, ಇದ್ದ ಹಾಗೇ ಬಳಸಿ. ಎರಡು, ರೀವರ್ಕ್. ಅಂದರೆ ಮತ್ತೆ ಕೆಲಸ ಮಾಡಿ ಅದನ್ನು ಪೂರ್ತಿ ನಕ್ಷೆಗೆ ತರುವುದು. ಮೂರು, ರಿಪೇರಿ. ಅದು ಮತ್ತೆಂದೂ ನಕ್ಷೆಯ ಹಾಗಾಗುವುದಿಲ್ಲ, ಆದರೆ ಮಾಡಬೇಕಾದ ಕೆಲಸವನ್ನು ಸುರಕ್ಷಿತವಾಗಿ ಮಾಡುತ್ತದೆ. ನಾಲ್ಕು, ಸ್ಕ್ರ್ಯಾಪ್. ನಕ್ಷೆಗೆ ಹೊಂದದ್ದನ್ನು ಹೀಗೆ ಪರಿಶೀಲಿಸಿ ಒಪ್ಪಿಕೊಳ್ಳುವುದಕ್ಕೆ ಅಲ್ಲಿಯವರು ಕನ್ಸೆಷನ್ ಎನ್ನುತ್ತಾರೆ. ಅದಕ್ಕೆ ಕಾಗದವಿರುತ್ತದೆ, ಸಹಿ ಇರುತ್ತದೆ.

ಇಷ್ಟು ಸರಳವಾದ ವಿಂಗಡಣೆ ನನ್ನ ಕೈಗೆ ಎಷ್ಟು ಧೈರ್ಯ ಕೊಟ್ಟಿತೆಂದರೆ, ಅವತ್ತಿನಿಂದ ಕೆಲಸದ ಮೇಜಿನ ಮೇಲೆ ಒಂದು ನೋಟ್‌ಬುಕ್ಕು ಇಟ್ಟೆ. ಏನಾದರೂ ಕೆಟ್ಟರೆ ಮೊದಲು ಉಳಿ ಕೆಳಗಿಟ್ಟು, ಅಳೆದು ಬರೆಯುವುದು. ಆಮೇಲೆ ಆ ನಾಲ್ಕರಲ್ಲಿ ಯಾವ ಮನೆಗೆ ಅದು ಸೇರುತ್ತದೆಂದು ನಿರ್ಧರಿಸುವುದು. ಕೈತಪ್ಪಿದ ಮರುಗಳಿಗೆಯಲ್ಲಿ ಮಾಡುವ ಅವಸರದ ರಿಪೇರಿಯೇ ಮೂಲ ತಪ್ಪಿಗಿಂತ ಹೆಚ್ಚು ಮರವನ್ನು ಹಾಳು ಮಾಡುತ್ತದೆ. ಮರದ ಕೆಲಸ ಬಲ್ಲವರೆಲ್ಲ ಒಪ್ಪುವ ಮಾತಿದು.

ಮೊಳೆಯ ತೂತುಗಳು ಮೊದಲನೆಯ ಮನೆಗೆ ಸೇರಿದವು. ಹಿಂಬದಿಯ ಹಲಗೆಯಲ್ಲಿ ಎರಡು ಸಣ್ಣ ತೂತು ದನಿಯನ್ನಾಗಲೀ ಬಲವನ್ನಾಗಲೀ ಕೆಡಿಸುವುದಿಲ್ಲ. ಗಾಳಿ ಹೋಗದಂತೆ ಮುಚ್ಚಿದರೆ ಸಾಕು. ಮುಚ್ಚಿದ್ದು ಕಾಣಬಾರದು ಎನ್ನುವ ಹಟ ಬೇಕೆ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ಗಿಟಾರು ತಯಾರಕ ಬಾಬ್ ಟೇಲರ್ 1995ರಲ್ಲಿ, ಒಳ್ಳೆಯ ಗಿಟಾರು ದುಬಾರಿ ಮರದಿಂದಲೇ ಬರುತ್ತದೆಂಬ ನಂಬಿಕೆಗೆ ಉತ್ತರವಾಗಿ, ಸಾಮಾನು ಸಾಗಿಸುವ ಹಳೆ ಪ್ಯಾಲೆಟ್ ಒಡೆದು ಅದರ ಹಲಗೆಯಿಂದ ಒಂದು ಗಿಟಾರು ಮಾಡಿದರು. ಮೊಳೆಯ ತೂತುಗಳನ್ನು ಅಡಗಿಸದೆ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ ಎದ್ದು ಕಾಣುವ ಹಾಗೆ ಮಾಡಿದರು. ಇಂಗ್ಲೆಂಡಿನಲ್ಲಿ ಬ್ರಯನ್ ಮೇ ಎಂಬ ಹುಡುಗ 1963ರಲ್ಲಿ ತಂದೆಯ ಜೊತೆ ಕೂತು, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಎಲೆಕ್ಟ್ರಿಕ್ ಗಿಟಾರಿನ ಕತ್ತನ್ನು ಕೆತ್ತಿದ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದ. ಮುಂದೆ ಕ್ವೀನ್ ತಂಡದೊಡನೆ ಜಗತ್ತೆಲ್ಲ ಕೇಳಿದ್ದು ಆ ಗಿಟಾರನ್ನೇ. ನನ್ನ ಎರಡು ತೂತುಗಳಲ್ಲಿ ಅದೇ ಬಾಗಿಲಿನ ಇನ್ನೊಂದು ಮೂಲೆಯಿಂದ ಕಡೆದ ಬೀಟೆಯ ಗೂಟಗಳು ಕೂತಿವೆ. ಎಳೆಯ ದಿಕ್ಕು ಹೊಂದಿಸಿದ್ದರಿಂದ ದೂರಕ್ಕೆ ಕಾಣುವುದಿಲ್ಲ. ಹತ್ತಿರದಿಂದ ನೋಡಿದವರಿಗೆ ಕಪಾಟಿನ ಕಥೆ ಹೇಳಲು ಅವು ಅಲ್ಲಿವೆ.

ಪಕ್ಕದ ಹಲಗೆ ಬಗ್ಗಿಸುವುದು ಗಿಟಾರಿನ ಕೆಲಸದಲ್ಲಿ ಅತ್ಯಂತ ಎದೆಗಾರಿಕೆ ಬೇಡುವ ಘಟ್ಟ. ಎರಡು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಒಳಗಿನಿಂದ ಕಾಯಿಸಿದ ಲೋಹದ ಕೊಳವೆಯ ಮೇಲಿಟ್ಟು ಒತ್ತುತ್ತ ಹೋಗಬೇಕು. ಬಿಸಿ ಮತ್ತು ಹಬೆ ಸೇರಿದಾಗ ಮರದ ನಾರುಗಳನ್ನು ಹಿಡಿದಿಟ್ಟ ಅಂಟುಪದಾರ್ಥ ಮೆತ್ತಗಾಗಿ, ಗಟ್ಟಿ ಹಲಗೆ ಒಂದು ಗಳಿಗೆ ಚರ್ಮದ ಹಾಗೆ ಬಾಗುತ್ತದೆ. ಆ ಗಳಿಗೆ ಬೆರಳಿಗೆ ತಿಳಿಯುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ತೀರಾ ಒಣಗಿದ ಹಳೆ ಬೀಟೆ ಈ ಕೆಲಸಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಸೊಂಟದ ತಿರುವಿನಲ್ಲಿ ಹೊರಮೈಯ ನಾರು ಚಿಟ್ ಎಂದು ಎದ್ದಿತು. ಅದು ಮೂರನೆಯ ಮನೆಯ ತಪ್ಪು. ಎದ್ದ ಸಿಬಿರಿನಡಿ ತೆಳು ಅಂಟು ಹರಿಸಿ, ಕೂಡಲೇ ಕ್ಲಾಂಪು ಹಾಕಿ, ಒಣಗಿದ ಮೇಲೆ ಒಳಗಡೆ ನಾರುಬಟ್ಟೆಯ ಪಟ್ಟಿ ಅಂಟಿಸಿದೆವು. ಬಿರುಕು ಬಾರದಿರಲೆಂದು ಪಕ್ಕದ ಹಲಗೆಗಳಿಗೆ ಒಳಗಡೆ ಹೀಗೆ ಬಟ್ಟೆ ಅಂಟಿಸುವುದು ಹಳೆಯ ಗಿಟಾರುಗಳಲ್ಲೂ ಇದ್ದ ಪದ್ಧತಿ. ನಕ್ಷೆಯಲ್ಲಿ ಆ ಜಾಗದಲ್ಲಿ ಬಟ್ಟೆಯಿರಲಿಲ್ಲ, ಈಗ ಇದೆ. ನೋಟ್‌ಬುಕ್ಕಿನಲ್ಲಿ ಅಂಕಲ್ ತಾವೇ ತಾರೀಖು ಹಾಕಿ ಸಹಿ ಮಾಡಿದರು.

ಎರಡನೆಯ ಮನೆಯ ತಪ್ಪಿಗೆ ಒಳ್ಳೆಯ ಉದಾಹರಣೆ ಫ್ರೆಟ್ಟಿನ ಗೀರು. ಫಿಂಗರ್‌ಬೋರ್ಡಿನ ಮೇಲೆ ಫ್ರೆಟ್ಟುಗಳು ಕೂರುವ ಜಾಗ ಲೆಕ್ಕದಿಂದ ಬರುತ್ತದೆ. ತಂತಿಯ ನುಡಿಯುವ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ, ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು, ಹೀಗೇ ಮುಂದೆ. ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ 1581ರಲ್ಲಿ ಹೇಳಿದ ಲೆಕ್ಕದಲ್ಲಿ ಈ ಸಂಖ್ಯೆ 18. ಬಹುಕಾಲ ಕುಶಲಕರ್ಮಿಗಳು ಅದನ್ನೇ ಹಿಡಿದು ನಡೆದರು. ನನ್ನ ಗಿಟಾರಿನ ತಂತಿಯ ಉದ್ದ 645 ಮಿಲಿಮೀಟರ್. ಮೊದಲ ಫ್ರೆಟ್ಟು 36.2 ಮಿಲಿಮೀಟರಿನಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ. ಎಲ್ಲ ಅಳತೆಗಳನ್ನೂ ಒಂದೇ ತುದಿಯಿಂದ ಹಾಕಬೇಕು. ಫ್ರೆಟ್ಟಿನಿಂದ ಫ್ರೆಟ್ಟಿಗೆ ಅಳೆಯುತ್ತ ಹೋದರೆ ಪ್ರತಿ ಸಲದ ಕೂದಲೆಳೆ ವ್ಯತ್ಯಾಸವೂ ಕೂಡಿಕೊಂಡು ಕೊನೆಗೆ ದೊಡ್ಡದಾಗುತ್ತದೆ. ಒಂದು ಗೀರು ಗೆರೆಗಿಂತ ಒಂದು ಮಿಲಿಮೀಟರ್ ಆಚೆ ಕೂತಿತು. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ಒಂದು ಮಿಲಿಮೀಟರ್ ಎಂದರೆ ಅರ್ಧಸ್ವರದ ನೂರರಲ್ಲಿ ಐದು ಭಾಗಕ್ಕಿಂತ ತುಸು ಹೆಚ್ಚು. ಒಂಟಿ ಸ್ವರದಲ್ಲಿ ಅದು ಕೆಲವರಿಗೆ ಕೇಳಿಸದು, ಸ್ವರಗಳು ಜೊತೆಯಾದಾಗ ಕಿವಿಗೆ ತೊಡಕಾಗುತ್ತದೆ. ಇದನ್ನು ಹಾಗೇ ಬಿಡುವಂತಿಲ್ಲ. ಅದೇ ಮರದ ಸಿಬಿರನ್ನು ಗೀರಿನೊಳಗೆ ಅಂಟಿಸಿ, ಮಟ್ಟ ಮಾಡಿ, ಸರಿಯಾದ ಗೆರೆಯ ಮೇಲೆ ಹೊಸದಾಗಿ ಕೊಯ್ದದ್ದಾಯಿತು. ಫ್ರೆಟ್ಟಿನ ತಲೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲವಿರುವುದರಿಂದ ಹಳೆಯ ಗೀರನ್ನು ಬಹುಪಾಲು ಅದೇ ಮುಚ್ಚಿತು. ಉಳಿದ ಕೂದಲೆಳೆಗೆ ಬೀಟೆಯ ಪುಡಿ. ಗಿಟಾರು ಮಾಡುವವರು ಮರಳು ಕಾಗದ ತಿಕ್ಕಿದಾಗ ಬೀಳುವ ಪುಡಿಯನ್ನು ಎಸೆಯುವುದಿಲ್ಲ. ಮರದ ಹೆಸರು ಬರೆದ ಡಬ್ಬಿಯಲ್ಲಿ ತುಂಬಿಡುತ್ತಾರೆ. ಸಂದು ಮುಚ್ಚಲು ಅದೇ ಮರದ ಪುಡಿಗಿಂತ ಒಳ್ಳೆಯದು ಬೇರೆ ಇಲ್ಲ.

ತಪ್ಪು ಮಾಡುವ ಇನ್ನೊಬ್ಬರು ನಮ್ಮ ಊರಿನ ಹವೆ. ಮಳೆಗಾಲದ ಬೆಳಗಿನಲ್ಲಿ ಬೆಂಗಳೂರಿನ ಗಾಳಿಯ ತೇವ ಶೇ. 80ನ್ನು ಮೀರುತ್ತದೆ. ಮಾರ್ಚ್ ಮಧ್ಯಾಹ್ನ ಅದು ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರದ ನಲವತ್ತು ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಈ ಹಿಗ್ಗು ಕುಗ್ಗು ಕೆಲವು ಮಿಲಿಮೀಟರ್ ಆಗಬಹುದು. ಹಲಗೆಗೆ ಅಡ್ಡಲಾಗಿ ಅಂಟಿಸಿದ ಪಟ್ಟಿ ಮಾತ್ರ ಕುಗ್ಗದೆ ಹಾಗೇ ನಿಲ್ಲುತ್ತದೆ. ಜುಲೈಯಲ್ಲಿ ಉಬ್ಬಿರುವ ಹಲಗೆಗೆ ಪಟ್ಟಿ ಅಂಟಿಸಿದರೆ ಮಾರ್ಚಿನಲ್ಲಿ ಹಲಗೆ ಕುಗ್ಗಲು ಹೋಗಿ, ಜಾಗ ಸಿಗದೆ ಸೀಳುತ್ತದೆ. ಒಣ ದಿನಗಳಲ್ಲಿ ಅಂಟಿಸಿದರೆ ಮಳೆಗಾಲದಲ್ಲಿ ಹಲಗೆ ಸ್ವಲ್ಪ ಉಬ್ಬುತ್ತದೆ, ಅಷ್ಟೆ. ಹಾಗಾಗಿ ಬೆಂಗಳೂರಿನಲ್ಲಿ ಗಿಟಾರು ಮಾಡುವವರು ಪಟ್ಟಿ ಅಂಟಿಸುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು, ಇಲ್ಲವೇ ಕೋಣೆಯ ತೇವವನ್ನು ಶೇ. 45ರ ಹತ್ತಿರ ಹಿಡಿದಿಟ್ಟುಕೊಳ್ಳುವುದು ಲೇಸು. ಬಿರುಕು ಬಂದರೂ ಅದಕ್ಕೆ ಮದ್ದಿದೆ. ಹಲಗೆಗೆ ನಿಧಾನವಾಗಿ ತೇವ ಕೊಟ್ಟು ಬಿರುಕು ತಾನಾಗಿ ಮುಚ್ಚಿಕೊಂಡ ಮೇಲೆ ಅಂಟು ತುಂಬಿ, ಒಳಗಡೆಯಿಂದ ಎಳೆಗೆ ಅಡ್ಡಲಾಗಿ ಹೆಬ್ಬೆರಳುಗುರಿನಷ್ಟು ಸ್ಪ್ರೂಸ್ ಚೂರುಗಳನ್ನು ಸಾಲಾಗಿ ಅಂಟಿಸುತ್ತಾರೆ. ಕಾರಣ ತಿಳಿಯದೆ ಬರೀ ಬಿರುಕು ಮುಚ್ಚಿದರೆ ಮುಂದಿನ ಮಾರ್ಚಿನಲ್ಲಿ ಅದು ಪಕ್ಕದಲ್ಲೇ ಹೊಸದಾಗಿ ಬರುತ್ತದೆ.

ಇಲ್ಲಿ ನನಗೆ ನಮ್ಮ ವೀಣೆ ನೆನಪಾಗುತ್ತದೆ. ವೀಣೆಯ 24 ಮೆಟ್ಟಿಲುಗಳು, ಎಂದರೆ ಅದರ ಫ್ರೆಟ್ಟುಗಳು, ಮರಕ್ಕೆ ನೆಟ್ಟವಲ್ಲ. ಜೇನುಮೇಣಕ್ಕೆ ಮಸಿ ಬೆರೆಸಿ ಮಾಡಿದ ಕಪ್ಪು ದಿಂಡಿನ ಮೇಲೆ ಅವು ಕೂತಿರುತ್ತವೆ. ಮೇಣ ಬಿಸಿ ಮಾಡಿದರೆ ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ವರ್ಷಗಳು ಕಳೆದು ಮೇಣ ಸವೆದಾಗ ಇಡೀ ಮೇಳವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ಕಿವಿಯಿಂದ ಸ್ವರ ಹಿಡಿದು ಒಂದೊಂದೇ ಮೆಟ್ಟಿಲು ಕೂರಿಸುವ ಆ ಕೆಲಸಕ್ಕೆ ಪಳಗಿದ ಕೈ ಬೇಕು. ತಂತಿ ಹಾಯುವ ಕುದುರೆಯ ಮೇಲಿನ ಬಾಗಿದ ಲೋಹದ ತಗಡಿಗೂ ಹೀಗೇ ಆಗಾಗ ತಿದ್ದುಪಡಿ. ಆ ಬಾಗಿದ ಕುದುರೆಯೇ ವೀಣೆ, ತಂಬೂರಿಗಳ ನಾದಕ್ಕೆ ಅಷ್ಟೊಂದು ಉಪಸ್ವರಗಳನ್ನು ತುಂಬುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲಿ ಪ್ರಬಂಧ ಬರೆದು ತೋರಿಸಿದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಏಳುವುದಿಲ್ಲ ಎಂಬ ಯೂರೋಪಿನ ನಿಯಮವನ್ನು ನಮ್ಮ ವಾದ್ಯಗಳು ಮೀರುತ್ತವೆ ಎಂಬುದು ಅವರ ಮಾತಿನ ತಿರುಳು. ವೀಣೆ ಮಾಡಿದ ಹಿರಿಯರು ಮೆಟ್ಟಿಲು ಸರಿಸಬೇಕಾದೀತು ಎಂದು ಮೊದಲೇ ತಿಳಿದು, ಸರಿಸಲು ಬರುವ ಹಾಗೆ ಕೂರಿಸಿದರು. ತಿದ್ದುಪಡಿಗೆ ಜಾಗ ಬಿಟ್ಟೇ ವಾದ್ಯ ಕಟ್ಟಿದರು.

ಒಳ್ಳೆಯ ಗಿಟಾರಿನಲ್ಲೂ ಇದೇ ದೂರದೃಷ್ಟಿ ಇದೆ. ಆರು ಉಕ್ಕಿನ ತಂತಿಗಳನ್ನು ಶ್ರುತಿ ಮಾಡಿದರೆ ಒಟ್ಟು ಎಳೆತ ಸುಮಾರು 70 ಕಿಲೋ. ಹಗಲೂ ರಾತ್ರಿ ಆ ಎಳೆತದಲ್ಲಿ ನಿಂತ ಗಿಟಾರಿನ ಕತ್ತು ಹತ್ತಾರು ವರ್ಷಗಳಲ್ಲಿ ಸ್ವಲ್ಪ ಮುಂದಕ್ಕೆ ಬಾಗಿಯೇ ಬಾಗುತ್ತದೆ. ಆಗ ಕತ್ತನ್ನು ಬಿಚ್ಚಿ, ಕೋನ ತಿದ್ದಿ ಮತ್ತೆ ಕೂರಿಸಬೇಕು. ಹಳೆಯ ತಯಾರಕರು ಕತ್ತಿನ ಸಂದನ್ನು ಮರವಜ್ರದಿಂದ, ಎಂದರೆ ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿನಿಂದ ಕೂಡಿಸುತ್ತಿದ್ದರು. ಒಣಗಿದರೆ ಅದು ಗಾಜಿನಷ್ಟು ಗಟ್ಟಿ, ತಂತಿಯ ಎಳೆತಕ್ಕೆ ಜಾರುವುದಿಲ್ಲ. ಆದರೆ ಹಬೆ ಕೊಟ್ಟರೆ ಕರಗುತ್ತದೆ. ನೂರು ವರ್ಷ ಹಿಡಿದುಕೊಂಡಿದ್ದ ಸಂದು ಸ್ವಲ್ಪ ಹಬೆಗೆ ಬಿಟ್ಟುಕೊಡುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಈಚಿನ ಕೆಲವು ತಯಾರಕರು ಕತ್ತನ್ನು ಬೋಲ್ಟಿನಿಂದಲೇ ಬಿಗಿಯುತ್ತಾರೆ. ದಾರಿ ಬೇರೆಯಾದರೂ ಉದ್ದೇಶ ಅದೇ. ಮೇಲಿನ ಹೊಳಪೂ ಹಾಗೇ. ಕುಸುಮ, ಬೋರೆ, ಮುತ್ತುಗದ ಕೊಂಬೆಗಳ ಮೇಲೆ ಕೀಟಗಳು ಕಟ್ಟುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರಪದರವಾಗಿ ತಿಕ್ಕಿದರೆ ಬರುವುದೇ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಅರಗೇ. ಅರಗಿನ ಹೊಸ ಪದರ ಹಳೆಯ ಪದರದೊಳಗೆ ಕರಗಿ ಒಂದಾಗುತ್ತದೆ. ಗೀಚಿದ ಕಡೆ ಅಷ್ಟನ್ನೇ ತಿದ್ದಬಹುದು. ಕಾರ್ಖಾನೆಯ ದಪ್ಪ ಪಾಲಿಯುರೆಥೇನ್ ಹೊಳಪು ಒಮ್ಮೆ ಒಡೆದರೆ ಹಾಗೆ ಬೆರೆಯುವುದಿಲ್ಲ.

ಇಷ್ಟನ್ನು ಕೈಯಲ್ಲಿ ಮಾಡಿದ ಮೇಲೆ ನನಗೆ ಗಟ್ಟಿಯಾದ ನಂಬಿಕೆಯೊಂದಿದೆ. ಒಂದು ವಸ್ತುವನ್ನು ಮಾಡುವವರು ಅದು ಮುಂದೆ ಕೆಡುತ್ತದೆಂದು ಒಪ್ಪಿಕೊಂಡು ಮಾಡಬೇಕು. ಮುಂದೆ ಅದನ್ನು ರಿಪೇರಿ ಮಾಡುವ, ಇನ್ನೂ ಹುಟ್ಟಿರದ ಒಬ್ಬ ಕುಶಲಕರ್ಮಿಯ ಕೈಗೆ ಅನುಕೂಲವಾಗುವಂತೆ ಮಾಡಬೇಕು. ಅದು ಅವರಿಗೆ ನಾವು ಸಲ್ಲಿಸುವ ಮರ್ಯಾದೆ. ಬಿಚ್ಚಲು ಬಾರದ ಹಾಗೆ ಅಂಟಿಸಿದ ಕೆಲಸದಲ್ಲಿ ಎಷ್ಟೇ ನಾಜೂಕಿದ್ದರೂ ಆ ಮರ್ಯಾದೆ ಇಲ್ಲ.

ಹೀಗೆಂದು ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದಲ್ಲ. ಅಂಕಲ್ ಹೇಳಿದ ನಾಲ್ಕನೆಯ ಮನೆಯನ್ನು ಮರೆತರೆ ಉಳಿದ ಮೂರಕ್ಕೂ ಅರ್ಥವಿಲ್ಲ. ಕತ್ತಿಗೆಂದು ತಂದ ಮಹಾಗನಿಯ ತುಂಡು ನೋಡಲು ಬಹಳ ಚೆನ್ನಾಗಿತ್ತು. ಉಜ್ಜುಗೊರಡು ಹೊಡೆದ ಮೇಲೆ ಅದರ ಎಳೆ ಉದ್ದಕ್ಕೆ ಓಡದೆ ಓರೆಯಾಗಿ ಮೈಯಿಂದ ಹೊರಗೆ ಓಡುವುದು ಕಂಡಿತು. ಹಾಗೆ ಎಳೆ ಓಡಿದ ಕಡೆ ಕತ್ತು ಎಳೆತ ತಡೆಯುವುದಿಲ್ಲ. ತಲೆಯ ಬುಡದಲ್ಲಿ ಒಂದು ದಿನ ಮುರಿಯುತ್ತದೆ. ಅರ್ಧ ಕೆತ್ತನೆಯಾಗಿತ್ತು, ಬಿಡಲು ಮನಸ್ಸು ಬರಲಿಲ್ಲ. “ಏನಪ್ಪಾ, ಇದಕ್ಕೂ ಕನ್ಸೆಷನ್ ಬರೆಯೋಣ ಅಂತೀಯಾ?” ಎಂದು ಅಂಕಲ್ ಕೇಳಿದರು. “ಬೇಡ ಅಂಕಲ್,” ಎಂದೆ. ಅವರು ಕೆಂಪು ಪೆನ್ನಿನಿಂದ ತುಂಡಿನ ಮೇಲೆ ಗೀಟು ಹಾಕಿದರು. ಕಾರ್ಖಾನೆಯಲ್ಲಿ ಸ್ಕ್ರ್ಯಾಪ್ ಆದ ಭಾಗಕ್ಕೆ ಕೆಂಪು ಹಚ್ಚುವುದು, ಅದು ತಪ್ಪಿಯೂ ಮತ್ತೆ ವಿಮಾನ ಸೇರದಿರಲಿ ಎಂದು. ಕತ್ತಾಗಿ ಅದು ಸತ್ತಿತು. ಅದರಿಂದ ಕೊಯ್ದ ಸಣ್ಣ ತುಂಡುಗಳು ಬುಡದಲ್ಲಿ, ಎಳೆತ ಬೀಳದ ಕಡೆಗಳಲ್ಲಿ ಕೂತಿವೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದನ್ನು ಭಾರ ಎಲ್ಲಿ ಬೀಳುತ್ತದೆ ಎಂಬುದು ನಿರ್ಧರಿಸುತ್ತದೆ. ನಾವು ಪಟ್ಟ ಶ್ರಮ ನಿರ್ಧರಿಸಕೂಡದು.

ಕಾಡಿನ ಮಟ್ಟದಲ್ಲೂ ಈ ಪ್ರಶ್ನೆ ಇದೆ. ಫಿಂಗರ್‌ಬೋರ್ಡಿಗೆ ಅಚ್ಚಕಪ್ಪು ಕರಿಮರವೇ ಬೇಕೆಂದು ಮಾರುಕಟ್ಟೆ ಕೇಳುತ್ತಿದ್ದುದರಿಂದ ಆಫ್ರಿಕದ ಕ್ಯಾಮರೂನಿನಲ್ಲಿ ಕಡಿದ ಮರದೊಳಗೆ ಕಂದು ಗೆರೆ ಕಂಡರೆ ಅದನ್ನು ಕಾಡಿನಲ್ಲೇ ಕೊಳೆಯಲು ಬಿಡುತ್ತಿದ್ದರು. ಒಂದು ಅಚ್ಚಕಪ್ಪು ಮರಕ್ಕಾಗಿ ಹತ್ತರ ಹತ್ತಿರ ಮರ ಉರುಳುತ್ತಿದ್ದವು. 2011ರಲ್ಲಿ ಅಲ್ಲಿನ ಕರಿಮರದ ಮಿಲ್ಲೊಂದನ್ನು ಪಾಲುದಾರಿಕೆಯಲ್ಲಿ ಕೊಂಡ ಬಾಬ್ ಟೇಲರ್, ಗೆರೆಯಿರುವ ಕರಿಮರವನ್ನೂ ಗಿಟಾರಿಗೆ ಹಾಕತೊಡಗಿದರು. ಗೆರೆಯಿಂದ ದನಿಗೆ ಏನೂ ಆಗಲಿಲ್ಲ. ಅಷ್ಟು ವರ್ಷ ತಪ್ಪು ಎಂದು ಎಣಿಸಿದ್ದು ಮರದ ಸಹಜ ಬಣ್ಣವಾಗಿತ್ತು. ಆ ಎಣಿಕೆಗೆ ಕಾಡು ದಂಡ ತೆತ್ತಿತು. ನಮ್ಮ ಬೀಟೆಯ ವಿಷಯದಲ್ಲೂ ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಒಡೆದ ಮನೆಗಳಿಂದ ಬರುವ ಹಳೆ ಬೀಟೆ ಗುಜರಿಗೆ, ಒಲೆಗೆ ಹೋಗಕೂಡದು. ಮೊಳೆಯ ತೂತಿದೆ, ಬಣ್ಣ ಬಳಿದಿದೆ ಎಂದು ಅದನ್ನು ಕಡೆಗಣಿಸಿದಷ್ಟೂ ಕಾಡಿನ ಮರದ ಮೇಲೆ ಕಣ್ಣು ಬೀಳುತ್ತದೆ.

ನನ್ನ ಗಿಟಾರು ಈಗ ನುಡಿಯುತ್ತದೆ. ಅದರ ಮಂದ್ರದಲ್ಲಿ ಬೀಟೆಯ ಆಳವಿದೆ, ತಾರದಲ್ಲಿ ಸ್ಪ್ರೂಸಿನ ಸ್ಪಷ್ಟತೆ ಇದೆ. ನಾದರಂಧ್ರದೊಳಗೆ ದೀಪ ಬಿಟ್ಟು ನೋಡಿದರೆ ಬಟ್ಟೆಯ ಪಟ್ಟಿ, ಗೂಟಗಳ ಬುಡ, ಅಂಕಲ್ ಸಹಿಯ ಚೀಟಿ ಎಲ್ಲ ಕಾಣುತ್ತವೆ. ಮುಂದೆ ಇದನ್ನು ಬಿಚ್ಚುವವರಿಗೆ ಎಲ್ಲಿ ಏನಾಗಿದೆ ಎಂದು ತಿಳಿಯಲಿ ಎಂದೇ ಆ ಚೀಟಿ ಅಂಟಿಸಿದ್ದು.

ಇಂದಿರಾನಗರ, ಹಲಸೂರು, ಕೆ.ಆರ್. ಪುರದವರೆಗೆ ನಮ್ಮ ಪೂರ್ವ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ, ಮಗ ಅಥವಾ ಮಗಳು ಕಲಿಯಲು ಶುರು ಮಾಡಿ ಬಿಟ್ಟ ಒಂದು ಗಿಟಾರು ಬೀರುವಿನ ಹಿಂದೆ ನಿಂತಿದೆ. ಬ್ರಿಡ್ಜ್ ಎದ್ದಿರುತ್ತದೆ, ತಂತಿ ಬೆರಳಿಗೆ ಎತ್ತರವಾಗಿರುತ್ತದೆ, ಮೇಲ್ಹಲಗೆಯಲ್ಲಿ ಗೆರೆ ಬಂದಿರುತ್ತದೆ. ಅದನ್ನು ಹೊರತೆಗೆಯಿರಿ. ಮೊದಲು ತಂತಿಗಳನ್ನು ಸಡಿಲಿಸಿ, ಎಳೆತ ನಿಲ್ಲಲಿ. ಎದ್ದ ಬ್ರಿಡ್ಜಿನಡಿ ಸಿಕ್ಕಿದ ಅಂಟು ಸುರಿಯಬೇಡಿ. ಹಳೆಯ ಅಂಟಿನ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ, ಮುಂದೆ ರಿಪೇರಿ ಮಾಡುವವರಿಗೆ ಕೆಲಸ ಇಮ್ಮಡಿಯಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಿಟಾರು ಬಿಡಬೇಡಿ. ವಾದ್ಯ ರಿಪೇರಿ ಮಾಡುವವರ ಹತ್ತಿರ ಒಯ್ದು, ಇದು ಹಾಗೇ ಬಳಸುವಂಥದ್ದೇ, ತಿದ್ದುವಂಥದ್ದೇ, ರಿಪೇರಿಯೇ, ಬಿಡಬೇಕಾದದ್ದೇ ಎಂದು ಕೇಳಿ. ಹೊಸ ಗಿಟಾರು ಕೊಳ್ಳುವ ನಿರ್ಧಾರವನ್ನು ಆ ಉತ್ತರ ಬಂದ ಮೇಲೆ ಮಾಡಿ.